ಇಬ್ಬರೇ ಇರುವ ಮನೆಗೆ ಕಾಸ್ಟ್‌ಕೋ ಕಾರ್ಡ್ ಬೇಕಾ? 65 ಡಾಲರ್ ಕಟ್ಟುವ ಮುಂಚೆ ಕೇಳ್ತಿದ್ದೀನಿ

ಹೊಂಗೆನೆರಳು

ನಮಸ್ಕಾರ. ನಾನು, ನನ್ನ ಗಂಡ ಇಬ್ಬರೇ ಇರೋದು. ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಅಡುಗೆಮನೆಯಲ್ಲಿ ನಾಲ್ಕು ಕಪಾಟು, ಫ್ರಿಜ್ಜಿನ ಮೇಲ್ಭಾಗದಲ್ಲಿ ಚಿಕ್ಕ ಫ್ರೀಜರ್, ಅಷ್ಟೇ ಜಾಗ. ಕಾಸ್ಟ್‌ಕೋ ಅಂದ್ರೆ ವರ್ಷಕ್ಕೆ 65 ಡಾಲರ್ ಸದಸ್ಯತ್ವದ ಶುಲ್ಕ ಕಟ್ಟಿ, ದೊಡ್ಡ ದೊಡ್ಡ ಪೊಟ್ಟಣಗಳಲ್ಲಿ ಸಾಮಾನು ಕೊಳ್ಳೋ ಅಮೆರಿಕದ ಗೋದಾಮಿನಂಥ ಅಂಗಡಿ. ಅದು ಮನೆಯಿಂದ 14 ಮೈಲಿ, ಹೋಗೋಕೆ 25 ನಿಮಿಷ. ಸ್ನೇಹಿತರು ಸಿಕ್ಕಾಗಲೆಲ್ಲ "ಇನ್ನೂ ಕಾರ್ಡ್ ಮಾಡಿಸಿಲ್ವಾ, ಸುಮ್ಮನೆ ದುಡ್ಡು ಕಳ್ಕೊಳ್ತಿದ್ದೀರಿ" ಅಂತಾರೆ. ಕಳೆದ ತಿಂಗಳು ಅವರ ಜೊತೆ ಒಂದು ಸಲ ಹೋಗಿ ನೋಡಿ ಬಂದೆ. ಬೆಲೆ ಕಡಿಮೆ ಅನ್ನೋದು ಕಣ್ಣಿಗೇ ಕಾಣುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಂಥ ಮನೆಗೆ ಅಷ್ಟು ದೊಡ್ಡ ಪೊಟ್ಟಣಗಳು ಹೊಂದುತ್ತವಾ ಅನ್ನೋದು ಗೊತ್ತಾಗಲಿಲ್ಲ.

ನಮ್ಮ ದಿನಸಿ ಖರ್ಚು ತಿಂಗಳಿಗೆ ಸುಮಾರು 420 ಡಾಲರ್. ಈ ವರ್ಷ ಓದಿನ ಸಾಲ ತೀರಿಸಲೇಬೇಕು ಅಂತ ಒಂದೊಂದು ಡಾಲರನ್ನೂ ಬರೆದಿಡ್ತಿದ್ದೀನಿ. ಹಾಗಾಗಿ 65 ಡಾಲರ್ ನನಗೆ ಸಣ್ಣ ಮೊತ್ತ ಅಲ್ಲ. "ಖಂಡಿತ ತಗೊಳ್ಳಿ" ಅನ್ನೋದಕ್ಕಿಂತ ನಿಮ್ಮ ಮನೆಯಲ್ಲಿ ಏನಾಯ್ತು ಅಂತ ಹೇಳಿದ್ರೆ ಉಪಕಾರ ಆಗುತ್ತೆ.

ಐದುಮಂದಿ

ನಮ್ಮ ಮನ್ಯಾಗ ಐದು ಮಂದಿ ಅದೀವಿ, ಅದರಾಗ ಮೂರು ಹುಡುಗ್ರು. ಸಣ್ಣಾಂವಂದು ಇನ್ನೂ ಡಯಾಪರ್ ಬಿಟ್ಟಿಲ್ಲ. ನಮಗಂತೂ ಕಟ್ಟಿದ ರೊಕ್ಕ ಎರಡನೇ ತಿಂಗಳಿಗೇ ತಿರುಗಿ ಬಂತು. ಡಯಾಪರು, ವೈಪ್ಸು, ಹಾಲು, ಬಟ್ಟಿ ಒಗಿಯೋ ಸೋಪು, ಇಷ್ಟರಾಗೇ ಆಗಿಹೋತು. ಆದ್ರ ಅಕ್ಕಾರ, ಇಬ್ಬರ ಮನಿಗೆ ನಮ್ಮ ಲೆಕ್ಕ ಹಚ್ಚಬ್ಯಾಡ್ರಿ. ನಮ್ಮಲ್ಲೆ ಯಾವ ಸಾಮಾನಿಗೂ ಕೆಡಾಕ ಪುರಸೊತ್ತೇ ಸಿಗಂಗಿಲ್ಲ.

ಲೆಕ್ಕಿಗ

ಐದುಮಂದಿ ಅವರ ಕೊನೆಯ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ಬೆಲೆ ಹೋಲಿಸುವಾಗ ನಾವೆಲ್ಲ ಕೊಟ್ಟ ದುಡ್ಡನ್ನು ಕೊಂಡ ತೂಕದಿಂದ ಭಾಗಿಸುತ್ತೇವೆ. ಕಪಾಟಿನ ಚೀಟಿಯಲ್ಲಿ ಅಚ್ಚಾಗಿರುವುದೂ ಅದೇ. ಮನೆಯ ಲೆಕ್ಕದಲ್ಲಿ ಭಾಗಿಸಬೇಕಾದ್ದು ಮುಗಿಸಿದ ತೂಕದಿಂದ.

ಒಂದು ಉದಾಹರಣೆ. ಪಕ್ಕದ ಅಂಗಡಿಯಲ್ಲಿ ಒಂದು ಪೌಂಡಿಗೆ 4 ಡಾಲರ್ ಇದೆ ಅಂದುಕೊಳ್ಳಿ. ಗೋದಾಮಿನಂಗಡಿಯಲ್ಲಿ ನಾಲ್ಕು ಪೌಂಡಿನ ಚೀಲಕ್ಕೆ 12 ಡಾಲರ್, ಅಂದರೆ ಪೌಂಡಿಗೆ 3. ಕಾಲು ಪಾಲು ಅಗ್ಗ. ಆ ನಾಲ್ಕರಲ್ಲಿ ಒಂದು ಪೌಂಡು ಕೆಟ್ಟು ಕಸದ ಬುಟ್ಟಿಗೆ ಹೋಯಿತು ಎನ್ನಿ. ನೀವು ಉಪಯೋಗಿಸಿದ್ದು ಮೂರು ಪೌಂಡು, ಕೊಟ್ಟದ್ದು 12 ಡಾಲರ್. ಪೌಂಡಿಗೆ ಮತ್ತೆ 4 ಡಾಲರೇ ಆಯಿತು. ಎಷ್ಟು ಪಾಲು ಅಗ್ಗವೋ ಅಷ್ಟೇ ಪಾಲು ಎಸೆದರೆ ಲಾಭ ಸೊನ್ನೆ; ಅದಕ್ಕಿಂತ ಒಂದು ಹಿಡಿ ಹೆಚ್ಚು ಎಸೆದರೂ ನಷ್ಟ. ಸದಸ್ಯತ್ವದ ಶುಲ್ಕ ಇನ್ನೂ ಈ ಲೆಕ್ಕಕ್ಕೆ ಸೇರಿಲ್ಲ.

ಕೆಡದ ಸಾಮಾನಿನಲ್ಲೂ ಒಂದು ಸೂಕ್ಷ್ಮವಿದೆ. ಸೋಪಿನ ದ್ರವ, ಕಾಗದದ ಟವೆಲ್ ಇವು ಬೇಗ ಹಾಳಾಗುವುದಿಲ್ಲ, ನಿಜ. ಆದರೆ ದೊಡ್ಡ ಡಬ್ಬ ಎದುರಿಗಿದ್ದರೆ ಕೈ ಧಾರಾಳವಾಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಕಂಡುಕೊಳ್ಳಲು ಡಬ್ಬದ ಮೇಲೆ ಮಾರ್ಕರಿನಲ್ಲಿ ತೆರೆದ ತಾರೀಕು ಬರೆಯತೊಡಗಿದೆವು, ಮುಗಿದಾಗ ಇನ್ನೊಂದು ತಾರೀಕು. ಸಣ್ಣ ಬಾಟಲಿ ಐದು ವಾರ ಬರುತ್ತಿತ್ತು. ಅದರ ನಾಲ್ಕರಷ್ಟು ದೊಡ್ಡದು ಇಪ್ಪತ್ತು ವಾರ ಬರಬೇಕಿತ್ತು, ಬಂದದ್ದು ಹದಿನೈದು. ಅಳತೆಯ ಮುಚ್ಚಳದಲ್ಲಿ ಗೆರೆ ಎಳೆದ ಮೇಲೆ ಸರಿಹೋಯಿತು.

ಹೊಂಗೆನೆರಳು ಅವರೇ, ಹೇಗೂ ಬರೆದಿಡುವ ಅಭ್ಯಾಸ ನಿಮಗಿದೆ. ಮೂರು ತಿಂಗಳ ರಸೀದಿ ತೆಗೆದು, ಮತ್ತೆ ಮತ್ತೆ ಬಂದ ಸಾಮಾನು ಮಾತ್ರ ಆರಿಸಿ. ಅವಕ್ಕಷ್ಟೇ ಅಲ್ಲಿನ ಬೆಲೆ ಹುಡುಕಿ. ಕಾಗದದ ಸುರುಳಿಯನ್ನು ಸುರುಳಿಯ ಎಣಿಕೆಯಲ್ಲಿ ಹೋಲಿಸಬೇಡಿ, ಚದರ ಅಡಿಯಲ್ಲಿ ಹೋಲಿಸಿ. ಸೋಪನ್ನು ಔನ್ಸಿನಲ್ಲಿ ಅಲ್ಲ, ಎಷ್ಟು ಸಲದ ಬಟ್ಟೆಗೆ ಬರುತ್ತದೆ ಎಂಬುದರಲ್ಲಿ ಹೋಲಿಸಿ. ಗಟ್ಟಿ ಸೋಪು, ತೆಳು ಸೋಪು ಎರಡಕ್ಕೂ ಔನ್ಸು ಒಂದೇ ಆಗಿರುತ್ತದೆ.

ಮುಗಿಲು

ನಾನು ಒಬ್ಬಳೇ ಇರೋದು. ಇಂಥದೇ ಒಂದು ಅಂಗಡಿಯ ಕಾರ್ಡ್ ಎರಡು ವರ್ಷ ಇಟ್ಟುಕೊಂಡಿದ್ದೆ, ಈಗ ಬಿಟ್ಟಿದ್ದೀನಿ. ಶುಲ್ಕಕ್ಕಿಂತ ಹೆಚ್ಚು ಖರ್ಚು ಮಾಡಿಸಿದ್ದು ಶುಲ್ಕ ಕಟ್ಟಿದ್ದೀನಿ ಅನ್ನೋ ಯೋಚನೆ. ಕಟ್ಟಿದ್ದನ್ನ ವಸೂಲಿ ಮಾಡ್ಕೊಳ್ಬೇಕು ಅಂತ ಬೇಡದಿದ್ದಾಗಲೂ ಹೋಗ್ತಿದ್ದೆ. ಹೋದ ಮೇಲೆ ಖಾಲಿ ಕೈಲಿ ಬರೋಕಾಗಲ್ಲ. ಸೊಪ್ಪಿನ ದೊಡ್ಡ ಡಬ್ಬ ತರೋದು, ಮೂರು ದಿನ ತಿನ್ನೋದು, ಎಂಟನೇ ದಿನ ಅರ್ಧ ಎಸೆಯೋದು. ಎಸೆಯುವಾಗ ತುಂಬಾ ಸಂಕಟ ಆಗ್ತಿತ್ತು. ಬಿಟ್ಟ ಮೇಲೆ ಒಂದೊಂದು ವಸ್ತುವಿನ ಬೆಲೆ ಹೆಚ್ಚಾಗಿದೆ, ತಿಂಗಳ ಖರ್ಚು ಕಡಿಮೆಯಾಗಿದೆ. ಎರಡೂ ನಿಜ.

ಕೆಂಪುಕಾರು

ಇಲ್ಲಿವರೆಗೆ ಯಾರೂ ಪೆಟ್ರೋಲ್ ವಿಷಯ ಎತ್ತಲಿಲ್ಲ. ನಾನು ಕಾರ್ಡ್ ಇಟ್ಕೊಂಡಿರೋದೇ ಅದಕ್ಕೆ. ನಮ್ಮ ಕಡೆ ಮಾಮೂಲಿ ಬಂಕಿಗಿಂತ ಗ್ಯಾಲನ್‌ಗೆ 30 ಸೆಂಟ್ ಕಡಿಮೆ ಬೀಳುತ್ತೆ. ಸಲಕ್ಕೆ 12 ಗ್ಯಾಲನ್, ಅಂದ್ರೆ 3 ಡಾಲರ್ 60 ಸೆಂಟ್ ಉಳಿತಾಯ. ವರ್ಷಕ್ಕೆ ನಲವತ್ತು ಸಲ ಹಾಕಿಸ್ತೀನಿ, 144 ಡಾಲರ್ ಆಯ್ತು. ಒಳಗೆ ಕಾಲಿಡದೇ ಇದ್ರೂ ಕಾರ್ಡಿನ ದುಡ್ಡು ಬಂತು.

ಲೆಕ್ಕಿಗ

ನಿಮಗೆ ಅದು ದಾರಿಯಲ್ಲೇ ಸಿಗುತ್ತದೆಯೇ ಕೆಂಪುಕಾರು ಅವರೇ? ಅದಕ್ಕೆಂದೇ ಹತ್ತು ಮೈಲಿ ಹೆಚ್ಚು ಓಡಿಸಬೇಕಾದರೆ, ಗ್ಯಾಲನ್ನಿಗೆ 25 ಮೈಲಿ ಕೊಡುವ ಕಾರಿಗೆ 0.4 ಗ್ಯಾಲನ್ ಹೋಯಿತು. ಗ್ಯಾಲನ್ನಿಗೆ ಮೂರೂವರೆ ಡಾಲರಿನಂತೆ 1 ಡಾಲರ್ 40 ಸೆಂಟ್. ಉಳಿಯುವುದು 2 ಡಾಲರ್ 20 ಸೆಂಟ್. ಸಾಲಿನಲ್ಲಿ ಕಾಯುವ ಹೊತ್ತು ಬೇರೆ.

ಕೆಂಪುಕಾರು

ದಾರಿಯಲ್ಲೇ ಸರ್, ಆಫೀಸಿನಿಂದ ಬರೋವಾಗ ಎಡಕ್ಕೆ ತಿರುಗಿದ್ರೆ ಬಂಕು. ರಾತ್ರಿ ಎಂಟರ ಮೇಲೆ ಸಾಲು ಇರಲ್ಲ. ಆದ್ರೆ ನೀವು ಹೇಳಿದ್ದು ಒಪ್ಪಿದೆ, ದೂರದವರಿಗೆ ನನ್ನ ಲೆಕ್ಕ ಆಗಲ್ಲ.

ಇನ್ನೊಂದು ಮರೆತೆ. ಟೈರ್. ಅಲ್ಲಿ ಟೈರ್ ಹಾಕಿಸಿದ್ರೆ ಆಮೇಲೆ ರೊಟೇಶನ್, ಬ್ಯಾಲೆನ್ಸಿಂಗ್, ಪಂಕ್ಚರ್ ರಿಪೇರಿ ಇವೆಲ್ಲ ಟೈರು ಬಾಳೋವರೆಗೂ ಸೇರಿರುತ್ತೆ. ಬೇರೆ ಕಡೆ ಹೋಲಿಸುವಾಗ ಬರೀ ಟೈರಿನ ಬೆಲೆ ನೋಡಬೇಡಿ, ಫಿಟ್ಟಿಂಗ್ ಎಲ್ಲ ಸೇರಿ ಕಾರು ಹೊರಗೆ ಬರೋ ಹೊತ್ತಿಗೆ ಎಷ್ಟಾಗುತ್ತೆ ಅಂತ ಕೇಳಿ.

ತುಂಗೆತೀರ

ತಗೊಳ್ಳೋದಾದ್ರೆ 130 ಡಾಲರಿನ ಎಕ್ಸಿಕ್ಯುಟಿವ್ ಕಾರ್ಡೇ ತಗೊಳ್ಳಿ. ಕೊಂಡಿದ್ದರ ಮೇಲೆ ಶೇ 2 ವಾಪಸ್ ಬರುತ್ತೆ. 2025ರ ಜೂನ್ 30ರಿಂದ ಆ ಕಾರ್ಡಿನವರಿಗೆ ಬೆಳಿಗ್ಗೆ ಬೇರೆಯವರಿಗಿಂತ ಮುಂಚೆ ಪ್ರವೇಶವೂ ಇದೆ. ಗಲಾಟೆ ಇಲ್ಲದೆ ಸಾಮಾನು ತಗೊಂಡು ಬರಬಹುದು, ನನಗೆ ಅದೇ ದೊಡ್ಡ ಅನುಕೂಲ.

ಲೆಕ್ಕಿಗ

ಇಬ್ಬರ ಮನೆಗೆ ಮೊದಲ ದಿನವೇ ಅದು ಬೇಡ ಎಂದು ನನ್ನ ಅಭಿಪ್ರಾಯ. ಎರಡು ಕಾರ್ಡುಗಳ ನಡುವಿನ ವ್ಯತ್ಯಾಸ 65 ಡಾಲರ್. ಶೇ 2ರ ಲೆಕ್ಕದಲ್ಲಿ ಅದು ಹಿಂದಿರುಗಬೇಕಾದರೆ ವರ್ಷಕ್ಕೆ 3,250 ಡಾಲರಿನ ಖರೀದಿ ಅಲ್ಲೇ ಆಗಬೇಕು, ತಿಂಗಳಿಗೆ ಸುಮಾರು 271. ಹೊಂಗೆನೆರಳು ಅವರ ದಿನಸಿ ವರ್ಷಕ್ಕೆ 5,040 ಡಾಲರ್. ಅದರಲ್ಲಿ ಮೂರನೇ ಎರಡು ಭಾಗದ ಹತ್ತಿರ ಒಂದೇ ಅಂಗಡಿಗೆ ಹೋಗಬೇಕು. ಪೆಟ್ರೋಲಿಗೆ ಕೊಟ್ಟ ದುಡ್ಡಿನ ಮೇಲೆ ಆ ಶೇ 2 ಬರುವುದಿಲ್ಲ ಎಂಬುದನ್ನೂ ಮರೆಯಬಾರದು.

ತುಂಗೆತೀರ

ಹೌದು, ಪೆಟ್ರೋಲ್ ಸೇರಲ್ಲ. ನಮ್ಮದು ಆರು ಜನರ ಮನೆ, ಆ ದೃಷ್ಟಿಯಿಂದಲೇ ಹೇಳಿಬಿಟ್ಟೆ. ಮೊದಲು 65ರದ್ದು ಮಾಡಿಸಿ, ಖರೀದಿ ಹೆಚ್ಚಾದ್ರೆ ವರ್ಷದ ಮಧ್ಯೆ ಬೇಕಾದ್ರೂ ಮೇಲಿನದಕ್ಕೆ ಬದಲಾಯಿಸ್ಕೊಬಹುದು.

ಸರಕುಸಾಗಣೆ

ನಾನು ಹದಿನಾಲ್ಕು ವರ್ಷ ಚಿಲ್ಲರೆ ಮಾರಾಟದ ಸರಬರಾಜು ವಿಭಾಗದಲ್ಲಿ ಕೆಲಸ ಮಾಡಿದವನು. ಶುಲ್ಕ ಯಾಕೆ ಇದೆ ಅಂತ ತಿಳಿದರೆ ಅದು ನಮಗೆ ಬೇಕೋ ಬೇಡವೋ ಅನ್ನುವುದೂ ಸ್ಪಷ್ಟವಾಗುತ್ತೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಸೋಲ್ ಪ್ರೈಸ್ ಎಂಬ ವ್ಯಾಪಾರಿ 1976ರಲ್ಲಿ ಸ್ಯಾನ್ ಡಿಯಾಗೋ ನಗರದ ಮೊರೇನಾ ಬೊಲೆವಾರ್ಡ್‌ನಲ್ಲಿ, ಹಿಂದೆ ವಿಮಾನದ ಕೆಲಸಕ್ಕೆ ಬಳಸುತ್ತಿದ್ದ ಕಟ್ಟಡವೊಂದರಲ್ಲಿ ಪ್ರೈಸ್ ಕ್ಲಬ್ ತೆರೆದರು. ಮೊದಲು ಅದು ಮನೆಮಂದಿಗೆ ಅಂತ ಇರಲಿಲ್ಲ. ಸಣ್ಣ ವ್ಯಾಪಾರಿಗಳಿಗೆ, ವರ್ಷಕ್ಕೆ 25 ಡಾಲರ್. ಪ್ರೈಸ್ ಅವರ ಕೈಕೆಳಗೆ ಪಳಗಿದ ಜಿಮ್ ಸಿನೆಗಲ್, ಜೆಫ್ ಬ್ರಾಟ್‌ಮನ್ ಜೊತೆಗೂಡಿ 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಶುರುಮಾಡಿದರು. ಅದೇ ವರ್ಷ ಓಕ್ಲಹೋಮಾದ ಮಿಡ್‌ವೆಸ್ಟ್ ಸಿಟಿಯಲ್ಲಿ ಸ್ಯಾಮ್ ವಾಲ್ಟನ್ ಅವರ ಸ್ಯಾಮ್ಸ್ ಕ್ಲಬ್ ಬಾಗಿಲು ತೆರೆಯಿತು. 1993ರಲ್ಲಿ ಪ್ರೈಸ್ ಕ್ಲಬ್ಬೂ ಕಾಸ್ಟ್‌ಕೋನೂ ಒಂದಾದವು.

ದೊಡ್ಡ ಪೊಟ್ಟಣ ಯಾಕೆ ಅಂದ್ರೆ ಮೂಲದಲ್ಲಿ ಗಿರಾಕಿ ಒಬ್ಬ ಅಂಗಡಿಯವನು. ಅದನ್ನೇ ನಾವು ಅಡುಗೆಮನೆಗೆ ತರ್ತಿದ್ದೀವಿ.

ಈಗ ದುಡ್ಡಿನ ವಿಷಯ. ಕಾಸ್ಟ್‌ಕೋ ಹಾಕುವ ಲಾಭಾಂಶಕ್ಕೆ ಒಂದು ಕಟ್ಟುಪಾಡಿದೆ: ಬೇರೆ ಕಂಪನಿಯ ಸರಕಿಗೆ ಸುಮಾರು ಶೇ 14, ತನ್ನದೇ ಕರ್ಕ್‌ಲ್ಯಾಂಡ್ ಹೆಸರಿನ ಸರಕಿಗೆ ಶೇ 15. ಅದರ ಮೇಲೆ ಹೋಗಲ್ಲ. ಅಷ್ಟು ಕಡಿಮೆಯಲ್ಲಿ ಅಂಗಡಿ ನಡೆಯೋದು ಹೇಗೆ ಅಂದ್ರೆ ಸರಕನ್ನು ಕಟ್ಟಿಗೆಯ ಹಲಗೆಯ ಮೇಲಿಂದ ಇಳಿಸದೆ ಹಾಗೇ ಮಾರೋದು, ಕೈಚೀಲ ಕೊಡದೇ ಇರೋದು, ಬಗೆಗಳನ್ನು ಮೊಟಕು ಮಾಡೋದು. ಇಡೀ ಅಂಗಡಿಯಲ್ಲಿ ನಾಲ್ಕು ಸಾವಿರಕ್ಕಿಂತ ಕಡಿಮೆ ಬಗೆಯ ಸಾಮಾನು ಇರುತ್ತೆ. ಮಾಮೂಲಿ ಸೂಪರ್‌ಮಾರ್ಕೆಟ್‌ನಲ್ಲಿ ಅದರ ಹಲವು ಪಟ್ಟು.

ಇನ್ನು ಶುಲ್ಕ. 2024ರ ಹಣಕಾಸು ವರ್ಷದಲ್ಲಿ ಅವರಿಗೆ ಸದಸ್ಯತ್ವದಿಂದ ಬಂದದ್ದು ಸುಮಾರು 480 ಕೋಟಿ ಡಾಲರ್. ಆ ವರ್ಷದ ನಿವ್ವಳ ಲಾಭ ಸುಮಾರು 737 ಕೋಟಿ. ಶುಲ್ಕ ಇಲ್ಲದೇ ಹೋದ್ರೆ ಆ ಲಾಭದ ದೊಡ್ಡ ಪಾಲು ಕರಗಿಹೋಗುತ್ತೆ. ಅಂದ್ರೆ ನೀವು ಕಟ್ಟೋ 65 ಡಾಲರ್ ಪ್ರವೇಶದ ಟಿಕೆಟ್ ಮಾತ್ರ ಅಲ್ಲ. ಅಂಗಡಿಯ ಲಾಭದ ನಿಮ್ಮ ಪಾಲನ್ನ ಮುಂಗಡವಾಗಿ ಕೊಟ್ಟು, ಆಮೇಲೆ ಸಾಮಾನನ್ನ ಅಸಲಿನ ಹತ್ತಿರದ ಬೆಲೆಗೆ ತರೋ ಒಪ್ಪಂದ ಅದು. ಹೆಚ್ಚು ಕೊಳ್ಳುವ ಮನೆಗೆ ಆ ಮುಂಗಡ ಚಿಲ್ಲರೆ. ಕಡಿಮೆ ಕೊಳ್ಳುವ ಮನೆಗೆ ಅದೇ ಭಾರ. ಶುಲ್ಕ ಇಬ್ಬರಿಗೂ ಒಂದೇ ನೋಡಿ.

ಬಗೆಗಳು ಕಡಿಮೆ ಅನ್ನುವುದರಿಂದ ಇನ್ನೊಂದು ವಿಷಯ ಹುಟ್ಟುತ್ತೆ. ಅಲ್ಲಿ ಸಿಗದ ಸಾಮಾನಿಗೆ ನೀವು ಎರಡನೇ ಅಂಗಡಿಗೆ ಹೋಗಲೇಬೇಕು. ಹಾಗಾಗಿ "ತಿಂಗಳಿಗೆ 420 ಡಾಲರಿನ ಮೇಲೆ ಶೇ 20 ಉಳಿಯುತ್ತೆ" ಅನ್ನೋ ಥರದ ಲೆಕ್ಕವನ್ನ ಯಾರಾದ್ರೂ ಕೊಟ್ರೆ ನಂಬಬೇಡಿ. ಉಳಿತಾಯ ಆಗೋದು ಅಲ್ಲಿಂದ ತಂದ ಭಾಗದ ಮೇಲೆ ಮಾತ್ರ.

ಐದುಮಂದಿ

ಸರಕುಸಾಗಣೆ ಅವರ, ಭಾಳ ಛಲೋ ಬರದೀರಿ. ಇಷ್ಟು ವರ್ಷ ಹೋಗಾಕತ್ತೀವಿ, ಇದು ಗೊತ್ತಿರಲಿಲ್ಲ.

ಸೀಬೆಗಿಡ

ಸ್ಯಾಮ್ಸ್ ಕ್ಲಬ್ ನಿಮಗೆ ಹತ್ತಿರ ಇದ್ಯಾ ನೋಡಿ. 2022ರ ಅಕ್ಟೋಬರ್‌ನಲ್ಲಿ ಅದರ ಶುಲ್ಕ ಏರಿದಾಗ ಕೆಳಗಿನ ಹಂತದ್ದು 50 ಡಾಲರ್ ಆಯ್ತು, ಕಾಸ್ಟ್‌ಕೋ ಆಗಲೇ 60 ಇತ್ತು, 2024ರ ಸೆಪ್ಟೆಂಬರ್‌ನಿಂದ 65. ಪೂರ್ವ ರಾಜ್ಯಗಳಲ್ಲಿದ್ರೆ ಬಿಜೆಸ್ ಅನ್ನೋ ಇಂಥದೇ ಅಂಗಡಿ ಕೂಡ ಇದೆ. ಕಂಪನಿಗಳು ಕೊಡೋ ಕೂಪನ್‌ಗಳು ಅಲ್ಲಿ ನಡೆಯುತ್ತೆ, ಕಾಸ್ಟ್‌ಕೋದಲ್ಲಿ ನಡೆಯಲ್ಲ. ಕ್ರೆಡಿಟ್ ಕಾರ್ಡ್ ಯಾವುದು ಅಂತಲೂ ನೋಡ್ಕೊಳ್ಳಿ: ಅಮೆರಿಕದ ಕಾಸ್ಟ್‌ಕೋ ಅಂಗಡಿಗಳಲ್ಲಿ 2016ರಿಂದ ವೀಸಾ ಮಾತ್ರ. ಡೆಬಿಟ್ ಕಾರ್ಡು, ನಗದು ತೊಂದರೆ ಇಲ್ಲ.

ಸಂಜೆಮಲ್ಲಿಗೆ

ಹೊಂಗೆನೆರಳು, ನೀನು ನನ್ನ ಮಗಳ ವಯಸ್ಸಿನವಳಿರಬಹುದು, ಏಕವಚನಕ್ಕೆ ಬೇಜಾರಾಗಬೇಡಮ್ಮ. ಕಾರ್ಡ್ ಇಲ್ಲದೆಯೂ ಏನೇನು ಸಿಗುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಔಷಧಿ ವಿಭಾಗಕ್ಕೆ ಸದಸ್ಯರಾಗಿರಬೇಕಾಗಿಲ್ಲ. ಬಾಗಿಲಲ್ಲಿ "ಫಾರ್ಮಸಿಗೆ" ಅಂದರೆ ಬಿಡುತ್ತಾರೆ. ನಮ್ಮ ಅತ್ತೆಯವರ ಮಾತ್ರೆಗಳಿಗೆ ಮೂರು ಕಡೆ ವಿಚಾರಿಸಿ ಕೊನೆಗೆ ಅಲ್ಲಿಂದಲೇ ತರುತ್ತಿದ್ದೆ. ಆಗ ನಮ್ಮ ಹತ್ತಿರ ಕಾರ್ಡ್ ಇರಲಿಲ್ಲ, ದುಡ್ಡಿಗೂ ಕಷ್ಟವಿತ್ತು. ಅದೊಂದು ತಿಳಿಯದೇ ಹೋಗಿದ್ದರೆ ಏನು ಮಾಡುತ್ತಿದ್ದೆವೋ. ಇವತ್ತಿಗೂ ಯಾರಾದರೂ ಔಷಧಿ ಖರ್ಚಿನ ಮಾತೆತ್ತಿದರೆ ಮೊದಲು ಅದನ್ನೇ ಹೇಳುತ್ತೇನೆ.

ಅವರ ವೆಬ್‌ಸೈಟಿನಲ್ಲೂ ಸದಸ್ಯರಲ್ಲದವರು ಕೊಳ್ಳಬಹುದು, ಶೇ 5 ಹೆಚ್ಚಿಗೆ ಹಾಕುತ್ತಾರೆ. ವರ್ಷಕ್ಕೊಂದು ಸಲ ದೊಡ್ಡ ಸಾಮಾನು ತರುವವರಿಗೆ 65 ಕಟ್ಟುವುದಕ್ಕಿಂತ ಅದು ಎಷ್ಟೋ ವಾಸಿ. ಇನ್ನು ಒಂದು ಕಾರ್ಡಿಗೆ ಶುಲ್ಕ ಕಟ್ಟಿದರೆ ಅದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ ಎರಡನೇ ಕಾರ್ಡ್ ಉಚಿತ. ನಿನ್ನ ಗಂಡನಿಗೆ ಬೇರೆ ಕಟ್ಟಬೇಕಾಗಿಲ್ಲ.

ಮುಗಿಲು

ಸ್ನೇಹಿತರ ಹತ್ತಿರ ಕಾರ್ಡ್ ಇದೆ ಅಂದ್ರಲ್ಲ, ಅವರ ಜೊತೆ ಹೋಗಿ ಅರ್ಧರ್ಧ ಹಂಚಿಕೊಳ್ಳಿ. ಕಾಸ್ಟ್‌ಕೋದಲ್ಲಿ ಸದಸ್ಯರು ಇಬ್ಬರು ಅತಿಥಿಗಳನ್ನ ಕರ್ಕೊಂಡು ಹೋಗಬಹುದು, ದುಡ್ಡು ಮಾತ್ರ ಸದಸ್ಯರೇ ಕೊಡಬೇಕು. ದೊಡ್ಡ ಪೊಟ್ಟಣ ಅರ್ಧವಾದ್ರೆ ಕೆಡೋ ಸಮಸ್ಯೆನೂ ಹೋಗುತ್ತೆ.

ತುಂಗೆತೀರ

ಇದನ್ನ ನಾನು ಒಪ್ಪಲ್ಲ ಮುಗಿಲು ಅವರೇ. ಒಂದೆರಡು ಸಲ ಸರಿ. ತಿಂಗಳು ತಿಂಗಳು ಆದ್ರೆ ಯಾರು ಎಷ್ಟು ಕೊಡಬೇಕು, ಯಾವ ಶನಿವಾರ ಹೋಗಬೇಕು ಅಂತ ಮನಸ್ಸು ಕೆಡುತ್ತೆ. ನಾನು ನೋಡಿದ್ದೀನಿ. 65 ಡಾಲರಿಗಿಂತ ಸ್ನೇಹ ದೊಡ್ಡದು.

ಮುಗಿಲು

ನಮ್ಮಲ್ಲಿ ಮೂರು ವರ್ಷದಿಂದ ನಡೀತಿದೆ. ರಸೀದಿಯ ಫೋಟೋ ತೆಗೆದು ಅವತ್ತೇ ದುಡ್ಡು ಕಳಿಸಿಬಿಡ್ತೀನಿ, ನಾಳೆಗೆ ಅಂತ ಇಡಲ್ಲ. ಅಷ್ಟು ಶಿಸ್ತಿದ್ರೆ ಮನಸ್ಸು ಕೆಡೋದಿಲ್ಲ. ಆದ್ರೆ ಸ್ನೇಹಿತರಿಗೆ ಮನಸ್ಸಿರಬೇಕು, ಅದು ನಿಜ.

ಹೊಂಗೆನೆರಳು

ಎಲ್ಲರಿಗೂ ತುಂಬಾ ಧನ್ಯವಾದ. ಲೆಕ್ಕಿಗ ಸರ್ ಹೇಳಿದ ಹಾಗೆ ಶನಿವಾರ, ಭಾನುವಾರ ಕೂತು ಮೂರು ತಿಂಗಳ ರಸೀದಿ ಎಲ್ಲ ಹರಡಿಕೊಂಡೆ. ಮತ್ತೆ ಮತ್ತೆ ಕೊಂಡ ಸಾಮಾನು 23 ಬಂತು. ಅದರಲ್ಲಿ ಅಲ್ಲಿ ಅಗ್ಗಕ್ಕೆ ಸಿಗೋದು 11. ಆ ಹನ್ನೊಂದರಲ್ಲಿ ನಾವಿಬ್ಬರೂ ಕೆಡೋದರೊಳಗೆ ಮುಗಿಸ್ತೀವಿ, ಇಡೋಕೆ ಜಾಗನೂ ಇದೆ ಅಂತ ಖಾತ್ರಿಯಾಗಿ ಹೇಳಬಹುದಾದ್ದು ನಾಲ್ಕೇ: ಬಟ್ಟೆ ಸೋಪು, ಕಾಗದದ ಟವೆಲ್, ಅಡುಗೆ ಎಣ್ಣೆ, ಬಾದಾಮಿ. ನಾಲ್ಕರಿಂದ ತಿಂಗಳಿಗೆ ಉಳಿಯೋದು 8 ಡಾಲರ್. ವರ್ಷಕ್ಕೆ 96. ಶುಲ್ಕ 65 ಕಳೆದ್ರೆ 31.

ಆಮೇಲೆ ಹೋಗಿ ಬರೋ ಖರ್ಚು. ಆರು ವಾರಕ್ಕೊಮ್ಮೆ ಅಂದ್ರೆ ವರ್ಷಕ್ಕೆ ಒಂಬತ್ತು ಸಲ, ಸಲಕ್ಕೆ 28 ಮೈಲಿ. ನಮ್ಮ ಕಾರು ಗ್ಯಾಲನ್‌ಗೆ 28 ಮೈಲಿ ಕೊಡುತ್ತೆ. ಒಂಬತ್ತು ಗ್ಯಾಲನ್, ಮೂರೂವರೆ ಡಾಲರ್ ಹಾಗೆ 31 ಡಾಲರ್ 50 ಸೆಂಟ್. ಐವತ್ತು ಸೆಂಟ್ ನಷ್ಟ! ಎರಡು ಸಲ ಕೂಡಿ ನೋಡಿದೆ, ಅದೇ ಬಂತು.

ಇದನ್ನ ಗಂಡನಿಗೆ ತೋರಿಸಿದಾಗ ಅವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಗುರುವಾರ ಆಫೀಸಿಗೆ ಹೋಗಲೇಬೇಕು, ಆಫೀಸಿನಿಂದ ಅಂಗಡಿ ಒಂದೂವರೆ ಮೈಲಿ. ವಾಪಸ್ ಬರೋವಾಗ ಅವರೇ ತಂದ್ರೆ ಹೋಗಿ ಬರೋ ಖರ್ಚು ಹೆಚ್ಚುಕಡಿಮೆ ಇಲ್ಲ. ಆಗ 31 ಡಾಲರ್ ಉಳಿಯುತ್ತೆ, ಪೆಟ್ರೋಲೂ ಅಲ್ಲೇ ಹಾಕಿಸಬಹುದು. ನಾನು ಶನಿವಾರ ಮನೆಯಿಂದ ಹೋಗ್ತೀನಿ ಅಂದ್ಕೊಂಡೇ ಲೆಕ್ಕ ಹಾಕಿದ್ದೆ.

ಇನ್ನೊಂದು: ಕಾರಿನ ಟೈರು ಮಾರ್ಚ್ ಹೊತ್ತಿಗೆ ಬದಲಾಯಿಸಲೇಬೇಕು ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಈಗ ಅಕ್ಟೋಬರ್. ಹಾಗಾಗಿ ಈಗ ಬೇಡ, ಟೈರ್ ಹಾಕಿಸೋ ವಾರ ಕಾರ್ಡ್ ಮಾಡಿಸೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೀವಿ. ಅಲ್ಲಿವರೆಗೆ ನಾಲ್ಕು ಸಾಮಾನಿನ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೀನಿ. ಐದನೇದು ಸೇರಿಸಬೇಕಾದ್ರೆ ಇಬ್ಬರೂ ಒಪ್ಪಬೇಕು.

ಮುಗಿಲು

ಆ ಪಟ್ಟಿ ಗುರುವಾರ ನಿಮ್ಮ ಯಜಮಾನರ ಜೇಬಲ್ಲಿ ಇರಲಿ. ನನ್ನದು ಮನೆಯಲ್ಲೇ ಉಳೀತಿತ್ತು.

ಸರಕುಸಾಗಣೆ

ಒಳ್ಳೆ ಯೋಚನೆ. ಹೊಂದದೇ ಹೋದ್ರೆ ಧೈರ್ಯವಾಗಿ ಹಿಂದಿರುಗಿಸಿ. ಸದಸ್ಯತ್ವ ಸಮಾಧಾನ ತರದಿದ್ರೆ ಯಾವಾಗ ಬೇಕಾದ್ರೂ ರದ್ದುಮಾಡಿ ಶುಲ್ಕ ಪೂರ್ತಿ ವಾಪಸ್ ಕೊಡ್ತೀವಿ ಅಂತ ಕಾಸ್ಟ್‌ಕೋ ಬರವಣಿಗೆಯಲ್ಲೇ ಹೇಳಿದೆ.

ನವೀಕರಣದ ತಾರೀಕೂ ಬರೆದಿಟ್ಕೊಳ್ಳಿ. ಅವಧಿ ಮುಗಿದ ಎರಡು ತಿಂಗಳೊಳಗೆ ನವೀಕರಿಸಿದ್ರೆ ಹೊಸ ವರ್ಷ ಹಳೇ ತಾರೀಕಿನಿಂದಲೇ ಎಣಿಕೆಯಾಗುತ್ತೆ, ಅಂದ್ರೆ ನೀವು ಹೋಗದ ದಿನಗಳಿಗೂ ದುಡ್ಡು ಕಟ್ಟಿದ ಹಾಗೆ. ಎರಡು ತಿಂಗಳು ದಾಟಿದ ಮೇಲೆ ಮಾಡಿಸಿದ್ರೆ ಮಾಡಿಸಿದ ದಿನದಿಂದ ಹನ್ನೆರಡು ತಿಂಗಳು. ಕಡಿಮೆ ಹೋಗೋ ಮನೆಯವರಿಗೆ ಇದು ಮುಖ್ಯ. ತಾನಾಗೇ ನವೀಕರಣ ಆಗೋ ಹಾಗೆ ಕೊಟ್ಟಿದ್ರೆ ಅದನ್ನ ತೆಗೆಸಿಬಿಡಿ.

ಕೆಂಪುಕಾರು

ಟೈರಿನ ಸೈಜು ಡ್ರೈವರ್ ಬಾಗಿಲು ತೆಗೆದ್ರೆ ಒಳಬದಿಯ ಸ್ಟಿಕ್ಕರಿನಲ್ಲಿ ಇರುತ್ತೆ. ಅದರ ಫೋಟೋ ಈಗಲೇ ತೆಗೆದಿಟ್ಕೊಳ್ಳಿ. ಫೆಬ್ರವರಿಯಲ್ಲೇ ಮೂರು ಕಡೆ ಫಿಟ್ಟಿಂಗ್ ಸೇರಿ ಎಷ್ಟು ಅಂತ ಕೇಳಿ, ಅಪಾಯಿಂಟ್‌ಮೆಂಟ್ ಸಿಗೋಕೆ ಕೆಲವು ಸಲ ಎರಡು ವಾರ ಆಗುತ್ತೆ. ದಿನ ಸಿಕ್ಕಿದ ಮೇಲೆ ಕಾರ್ಡ್ ಮಾಡಿಸಿದ್ರೂ ತಡವಾಗಲ್ಲ.